ಕಾಲುಂಗುರದ ಜಾಗದಲ್ಲಿ ದಾರ

ನನಗೆ ಸಿಹಿಮೂತ್ರದ ಕಾಯಿಲೆ ಎಂದು ಗೊತ್ತಾದಾಗ ಶಿವಮೊಗ್ಗದ ಡಾಕ್ಟರು ಅನ್ನ, ಬೆಲ್ಲಕ್ಕಿಂತ ಹೆಚ್ಚಾಗಿ ಕಾಲಿನ ಮಾತನ್ನೇ ಆಡಿದರು. ಬರಿಗಾಲಲ್ಲಿ ಓಡಾಡಬಾರದು, ದಿನಾ ಪಾದ ನೋಡಿಕೊಳ್ಳಬೇಕು, ಸ್ಪರ್ಶ ಕಡಿಮೆಯಾಗಿದೆ, ಗಾಯವಾದರೂ ನೋವು ತಿಳಿಯುವುದಿಲ್ಲ ಎಂದರು. ಬಗ್ಗಿ ಅಂಗಾಲು ನೋಡಿಕೊಳ್ಳುವಂಥ ಮೈ ನನ್ನದಲ್ಲ. ಹೀಗಾಗಿ ಆ ಕೆಲಸ ನಮ್ಮ ಯಜಮಾನರ ಪಾಲಿಗೆ ಬಂತು.

ಅವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್. ಸಂಜೆ ಬಂದು ಕೈ ತೊಳೆದು, ಯಂತ್ರದ ಭಾಗ ಪರೀಕ್ಷಿಸುವವರಂತೆ ನನ್ನ ಪಾದವನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದರು. ಗಂಡನ ಕೈಲಿ ಕಾಲು ಹಿಡಿಸಿಕೊಳ್ಳುವುದೆಂದರೇನು! ನಾನು ಮುದುಡಿಹೋಗುತ್ತಿದ್ದೆ.

"ಬಿಡಿ ರೀ, ನಂಗೆ ಪಾಪ ಸುತ್ಕೊಳ್ಳುತ್ತೆ."

"ಸುಮ್ನೆ ಕೂತ್ಕೋ ಮಾರಾಯ್ತಿ. ಮದುವೇಲಿ ಕಾಲುಂಗುರ ತೊಡಿಸ್ದಾಗ ಹಿಡ್ದಿದ್ದೂ ಇದೇ ಕಾಲು."

ಆ ಕಾಲುಂಗುರವೇ ಒಂದು ದಿನ ಊದಿದ ಬೆರಳಿಗೆ ಕಚ್ಚಿಕೊಂಡಿತು. ಸೋಪಿಗೂ ಜಗ್ಗಲಿಲ್ಲ, ಎಣ್ಣೆಗೂ ಜಗ್ಗಲಿಲ್ಲ. ಅವರು ಸಣ್ಣ ಅರ ತಂದು, ಉಸಿರು ಬಿಗಿಹಿಡಿದು ಉಜ್ಜಿ ಉಜ್ಜಿ ಅದನ್ನು ಕತ್ತರಿಸಿದರು. ಬೆರಳಿಗೆ ಒಂದು ಗೀರೂ ಆಗಲಿಲ್ಲ. ಇನ್ನೊಂದು ಕಾಲಿನದನ್ನೂ ಬಿಚ್ಚಿಟ್ಟು, ಇನ್ನು ಹಾಕಬೇಡ ಎಂದರು.

ಅಲ್ಲಿಗೆ ನಾನು ಹಾಯಾಗಿರಬೇಕಿತ್ತು. ಬೀದಿಯ ನಲ್ಲಿಯ ಹತ್ತಿರ ಪಕ್ಕದ ಮನೆಯಾಕೆ ನನ್ನ ಕಾಲು ನೋಡಿ, "ಯಜಮಾನ್ರು ಬೆಂಕಿ, ಕಬ್ಬಿಣದ ಮಧ್ಯೆ ಕೆಲ್ಸ ಮಾಡೋರು. ಮುತ್ತೈದೆ ಹೀಗೆ ಬೋಳು ಕಾಲಲ್ಲಿ ಇರ್ತಾರೇನ್ರೀ?" ಎಂದಳು. ಅವಳದು ಊರ ಉಸಾಬರಿ. ಆದರೂ ಆ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತು. ತಾಳಿಯ ಸರ ಕಿತ್ತುಹೋದರೆ ಅರಿಶಿನದ ದಾರ ಕಟ್ಟಿಕೊಳ್ಳುವುದಿಲ್ಲವೇ? ಹಾಗೆಯೇ ಹೇಗೋ ತಿಣುಕಿ ಕಾಲು ಮೇಲೆಳೆದುಕೊಂಡು, ಎರಡೂ ಕಾಲಿನ ಬೆರಳಿಗೆ ಅರಿಶಿನದ ದಾರ ಸುತ್ತಿ ಗಂಟು ಹಾಕಿಕೊಂಡೆ. ಸಂಜೆ ಅವರು ಕಾಲು ತೋರಿಸು ಎಂದರೆ, "ಪಕ್ಕದ್ಮನೆ ಹುಡುಗಿ ಕೈಲಿ ನೋಡ್ಸಿದೀನಿ, ಏನೂ ಇಲ್ಲ" ಎಂದು ಸೀರೆಯೊಳಗೆ ಪಾದ ಮುಚ್ಚಿಕೊಳ್ಳುತ್ತಿದ್ದೆ. ಅವರು ನಂಬುತ್ತಿದ್ದರು.

ನೆನೆದು ಒಣಗಿ, ನೆನೆದು ಒಣಗಿ ದಾರ ಬಿಗಿಯಾಯಿತು. ಬೆರಳೂ ಊದಿತ್ತು. ನನಗೆ ನೋವೇ ಗೊತ್ತಾಗಲಿಲ್ಲ. ವಾಸನೆ ಬಂತೆಂದು ನೋಡಿದರೆ ಉಂಗುರ ಕತ್ತರಿಸಿದ್ದ ಬೆರಳು ಕಪ್ಪಾಗಿತ್ತು. ಎರಡೂ ದಾರ ಕಿತ್ತು ಒಲೆಗೆ ಹಾಕಿ, ಆಮೇಲೆ ಅವರನ್ನು ಕೂಗಿದೆ.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಬೆರಳು ತೆಗೆದರು. ಯಜಮಾನರು ಮಂಚದ ಪಕ್ಕ ಕೂತು ತಮ್ಮ ಕೈಯನ್ನೇ ನೋಡಿಕೊಳ್ಳುತ್ತಿದ್ದರು.

"ಅರ ಎಲ್ಲೋ ತಾಗಿದೆ. ನನ್ ಕಣ್ಣಿಗೆ ಬೀಳ್ಲಿಲ್ಲ. ನಾನೇ ಮಾಡ್ದೆ ಇದನ್ನ."

ಅಷ್ಟು ಹುಷಾರಾಗಿ ಕೆಲಸ ಮಾಡಿದ ಕೈಯನ್ನು ಅವರು ಹಳಿದುಕೊಳ್ಳುವುದನ್ನು ನನ್ನಿಂದ ನೋಡಲಾಗಲಿಲ್ಲ. ದಾರದ ವಿಷಯ ಹೇಳಿಬಿಟ್ಟೆ. ಬೈಯಲಿ ಎಂದು ಕಾದೆ.

"ನನ್ಗೋಸ್ಕರ ಕಟ್ಕೊಂಡ್ಯಾ?" ಎಂದಷ್ಟೇ ಕೇಳಿದರು.

ಹೇಳಿ ನಾನು ಹಗುರಾದೆ, ಭಾರವೆಲ್ಲ ಅವರ ತಲೆಗೆ ಹೋಯಿತು. ಹೇಳಬಾರದಿತ್ತು ಎಂದು ಈಗಲೂ ಅನ್ನಿಸುತ್ತದೆ. ಅರ ತಾಗಿತ್ತೆಂದೇ ನಂಬಿದ್ದರೆ, ಕೈತಪ್ಪು ಎಂದುಕೊಂಡು ಎಂದಾದರೂ ಮರೆಯುತ್ತಿದ್ದರೇನೋ. ಆಮೇಲೆ ಅವರಿಗೆ ಜ್ವರವೋ ಕೆಮ್ಮೋ ಬಂದು ವಾಸಿಯಾದಾಗಲೆಲ್ಲ, ಎದ್ದು ಕೂತವರು, ತಾವು ಉಳಿದದ್ದು ನನ್ನ ಬೆರಳಿನ ಬೆಲೆಗೆ ಎಂಬಂತೆ, ಮೊದಲು ನನ್ನ ಕಾಲಿನ ಕಡೆ ನೋಡಿ ತಲೆ ತಗ್ಗಿಸುತ್ತಿದ್ದರು.