ಬಲಗಾಲಿನ ಲ್ಯಾಂಡಿಂಗ್

ಗೆಳೆಯರೇ, ಇವತ್ತು ನಾನು ಸ್ಕೀ ಕಟ್ಟಿಕೊಂಡು ಹಿಮದ ದಿಬ್ಬದಿಂದ ಹಾರಿ, ಬೀಳದೆ ನಿಂತೆ! ದಿಬ್ಬ ಪೊರಿರುವಾ ಊರಿನ ನಮ್ಮ ಮನೆಯ ಗ್ಯಾರೇಜಿನಷ್ಟೇ ಎತ್ತರ, ನಗಬೇಡಿ.

ಬೆಳಿಗ್ಗೆಯಿಂದ ಕೋಚ್‌ನದು ಒಂದೇ ಮಾತು: “ಇಳಿಯುವಾಗ ಒಂದು ಕಾಲು ಮುಂದಿರಲಿ.” ನಾನು ಎರಡೂ ಕಾಲು ಜೋಡಿಸಿ ಇಳಿದು ಮುಗ್ಗರಿಸುತ್ತಲೇ ಇದ್ದೆ. ಊಟವಾದ ಮೇಲೆ ಕೊನೆಗೂ ಎಡಗಾಲು ಮುಂದಿಟ್ಟು ನಿಂತೆ. ಕೋಚ್ ಚಪ್ಪಾಳೆ ತಟ್ಟಿದ. ಧಾರವಾಡದಿಂದ ಬಂದಿರುವ ನಮ್ಮ ಅತ್ತೆ ಮಾತ್ರ ಕೆಳಗಿನಿಂದ ಕೂಗಿದರು:

“ಬಲಗಾಲು ಮುಂದ ಇಡವಾ!”

“ಯಾವ ಕಾಲಾದ್ರೂ ನಡಿತದಂತ ಕೋಚ್ ಹೇಳ್ಯಾನ್ರೀ ಅತ್ತಿ!”

“ಅವಗ ನಡಿತದ. ನನಗ ನಡಿಯಂಗಿಲ್ಲ.”

ಸಿಟ್ಟಿನಲ್ಲೇ ಮತ್ತೆ ಹತ್ತಿದೆ, ಹಾರಿದೆ. ತೋಳು ಅಗಲಿಸಿ, ಬಲಗಾಲು ಮುಂದಿಟ್ಟು ಇಳಿದೆ. ಇಡೀ ದಿನದಲ್ಲೇ ಉದ್ದದ ಜಿಗಿತ! ಕೋಚ್ ಕುಣಿದಾಡಿದ. ಅತ್ತೆ ಹತ್ತಿರ ಬಂದು, ನನ್ನ ಕೆನ್ನೆ ಸವರಿ ಲಟಿಗೆ ಮುರಿದರು.

“ಮದುವ್ಯಾಗ ಮನಿ ತುಂಬಿಸ್ಕೊಳ್ಳುವಾಗ ಎಡಗಾಲು ಇಟ್ಟು ಒಳಗ ಬಂದಿದ್ದಿ. ಮಂದಿ ಮುಂದ ಬ್ಯಾಡಂತ ಸುಮ್ನಿದ್ದೆ. ಇವತ್ತ ಸರಿ ಆತು ನೋಡು.”

ಹೀಗಾಗಿ ಎಲ್ಲರಿಗೂ ತಿಳಿಸುವುದೇನೆಂದರೆ, ಮದುವೆಯಾಗಿ ಹನ್ನೊಂದು ವರ್ಷದ ಮೇಲೆ ನಾನು ಇಂದು ಅಧಿಕೃತವಾಗಿ ಗಂಡನ ಮನೆಗೆ ಬಂದಿದ್ದೇನೆ. ಅದೂ ಹಾರಿಕೊಂಡು.