ಕುಪ್ಪಸದ ತೋಳು ಮೇಲೆ ಸರಿಯದ ದಿನ

ಗೋಪನಕೊಪ್ಪದ ನಮ್ಮ ಮಹಿಳಾ ಮಂಡಳಕ್ಕೆ ನಾನೇ ಕಾರ್ಯದರ್ಶಿ. ಸಾಲು ಕೆಟ್ಟರೆ, ಗದ್ದಲವಾದರೆ ನನಗೆ ತಲೆ ಕೆಡುತ್ತಿತ್ತು. ತೊಂಬತ್ತರ ದಶಕದ ಕೊನೆಗೆ ಊರಲ್ಲೆಲ್ಲ ಕಾಮಾಲೆ ಲಸಿಕೆಯ ಶಿಬಿರಗಳು ನಡೆಯುತ್ತಿದ್ದವು. ಒಂದು ಖಾಸಗಿ ದವಾಖಾನೆಯವರ ಬೆನ್ನು ಹತ್ತಿ ನಮ್ಮಲ್ಲಿಗೂ ಕರೆಸಿದೆ. ಹೆಂಗಸರೆಲ್ಲ ಹಣ ಕೊಟ್ಟು ಸಾಲು ನಿಂತರು.

ಸೂಜಿ ಹಾಕಲು ಬಂದವನು ಗಂಡಸು, ಕಂಪೌಂಡರ. ನಮ್ಮ ಹೆಂಗಸರ ಕುಪ್ಪಸದ ತೋಳೋ ಮೊಣಕೈತನಕ ಬಿಗಿ, ಮೇಲೆ ಸರಿಯಲೊಲ್ಲದು. ಒಬ್ಬೊಬ್ಬರೂ ಜಗ್ಗಾಡುತ್ತ ಸಾಲು ಮುಂದಕ್ಕೇ ಹೋಗಲಿಲ್ಲ. ಓಣಿಗೆಲ್ಲ ರೊಟ್ಟಿ ಬಡಿದು ಮಾರುತ್ತಿದ್ದ ಹೆಣ್ಣುಮಗಳ ಸರದಿ ಬಂದಾಗ ನನ್ನ ಸಹನೆ ಮುಗಿದಿತ್ತು. "ಮ್ಯಾಲಿನ ಗುಂಡಿ ಬಿಚ್ಚಿ ಕುತ್ತಿಗಿ ಕಡಿಂದ ಹೆಗಲ ತಗೀ, ಸೆರಗ ಮುಚ್ಕೊ, ಮುಗೀತು," ಎಂದೆ. ಹಾಗೆ ಮಾಡಿದರೆ ಛಲೋ, ಲಗೂ ಆಗುತ್ತದೆ ಎಂದು ಕಂಪೌಂಡರನೂ ತಲೆಯಾಡಿಸಿ, ಕಂಡಷ್ಟು ಹೆಗಲಿಗೇ ಚುಚ್ಚಿದ.

ಅವಳ ಆ ಬಲಗೈ ಮತ್ತೆ ಮೇಲೇಳಲಿಲ್ಲ. ರೊಟ್ಟಿ ಬಡಿಯುವುದು ದೂರ, ತಲೆ ಬಾಚಿಕೊಳ್ಳಲೂ ಆಗದು. ಆರು ತಿಂಗಳಾದ ಮೇಲೆ ಧಾರವಾಡದ ಎಲುಬಿನ ಡಾಕ್ಟರರು ನೋಡಿ, ಸೂಜಿ ತೋಳಿನ ಮಾಂಸಕ್ಕೆ ಹೋಗುವ ಬದಲು ಹೆಗಲ ಕೀಲಿಗೆ ಹೋಗಿದೆ ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ಗ್ರಾಹಕರ ವೇದಿಕೆಯಲ್ಲಿ ದವಾಖಾನೆಯ ಮೇಲೆ ಪರಿಹಾರಕ್ಕೆ ದಾವೆ ಹೂಡಿಸಿದವಳು ನಾನು, ಸಾಕ್ಷಿ ಹೇಳುತ್ತೇನೆಂದು ಟೊಂಕ ಕಟ್ಟಿ ನಿಂತವಳೂ ನಾನು. ನಾನಾಡಿದ ಮಾತು ಮಾತ್ರ ನನಗೆ ನೆನಪೇ ಇರಲಿಲ್ಲ. ಅಷ್ಟರಲ್ಲಿ ಅವಳಿಗೆ ಕೈ ಎತ್ತದೆ ಕೂತಲ್ಲೇ ದೀಪದ ಹೂಬತ್ತಿ ಹೊಸೆಯುವ ಕೆಲಸ ಹಚ್ಚಿಕೊಟ್ಟಿದ್ದೆ; ಸೋಮವಾರಕ್ಕೊಮ್ಮೆ ಅವಳು ತಂದದ್ದನ್ನು ಮಂಡಳದಿಂದ ನಾನೇ ಮನೆಮನೆಗೆ ಮಾರಿಸುತ್ತಿದ್ದೆ. ಅದರ ಜಂಬವೂ ಇತ್ತು.

ವಿಚಾರಣೆಯ ದಿನ ದವಾಖಾನೆಯ ವಕೀಲರು ಅವಳನ್ನು, ಹೆಗಲು ಹಾಗೆ ತೆಗೆಯಲು ಯಾರು ಹೇಳಿದರು, ಕಂಪೌಂಡರನೇನು ಎಂದು ಕೇಳಿದರು. ನಾನು ಬೆಂಚಿನ ತುದಿಗೆ ಬಂದು ಕೂತಿದ್ದೆ.

"ಯಾರೂ ಹೇಳಿಲ್ರಿ. ನಾನ ತಗದೇನ್ರಿ," ಎಂದಳು.

ಗುಂಡಿ, ಸೆರಗು, ನನ್ನದೇ ದನಿ, ಎಲ್ಲ ಒಮ್ಮೆಲೇ ನೆನಪಾಯಿತು. ಶಿವನೇ, ಹೇಳಿದವಳು ನಾನು! ಅವಳು ತಾನಾಗಿಯೇ ತೆಗೆದಿದ್ದರೆ ದವಾಖಾನೆಯ ತಪ್ಪೇನು ಬಂತು? ವಕೀಲರು ಇಷ್ಟು ಸಾಕೆಂದು ಕೂತರು.

ನಡುವೆ ಬಿಡುವು ಸಿಕ್ಕಾಗ ಅವಳನ್ನು ಪಡಸಾಲೆಗೆ ಕರೆದೊಯ್ದು, ಯಾಕೆ ಸುಳ್ಳು ಹೇಳಿದೆ ಎಂದು ಕೇಳಿದೆ.

"ನಿಮ್ಮ ಹೆಸರ ತಗದ್ರ ನಾಳೆ ನನ್ನ ಹೂಬತ್ತಿ ಯಾರ ತಗೋತಾರ್ರಿ, ಅಕ್ಕಾರ?"

ಅವಳು ಮೊದಲ ದಿನದಿಂದಲೂ ಏನೂ ಮರೆತಿರಲಿಲ್ಲ. ನನ್ನನ್ನು ಮನ್ನಿಸಿ ಸುಮ್ಮನಿದ್ದಳೆಂದರೆ ಅದೂ ಅಲ್ಲ, ನನಗೆ ಹೆದರಿ ಸುಮ್ಮನಿದ್ದಳು. ನನಗೆ!

ನನ್ನ ಸರದಿ ಬಂದಾಗ, ಹೇಳಿದವಳು ನಾನು, ಕೇಳಿಯೂ ಬೇಡವೆನ್ನದೆ ಚುಚ್ಚಿದವನು ಕಂಪೌಂಡರ ಎಂದು ಹೇಳಿಬಿಟ್ಟೆ. ಅವಳ ವಕೀಲರ ಮುಖಕ್ಕೆ ಜೀವ ಬಂತು. ಇನ್ನು ಪರಿಹಾರ ಸಿಗಬಹುದು ಎಂದರು. ಅವಳು ಮಾತ್ರ ಬಸ್ ನಿಲ್ದಾಣದವರೆಗೂ ನನ್ನಿಂದ ನಾಲ್ಕು ಹೆಜ್ಜೆ ಹಿಂದೆಯೇ ನಡೆದಳು. ಬಸ್ ಬಂದಾಗ ಎಡಗೈಯಿಂದ ಸೆರಗು ಸರಿಮಾಡಿಕೊಂಡು, ನನ್ನ ಮುಖ ನೋಡದೆ ಕೇಳಿದಳು:

"ಅಕ್ಕಾರ, ಸೋಮವಾರ ಹೂಬತ್ತಿ ತರ್ಲೇನ್ರಿ, ಬ್ಯಾಡೇನ್ರಿ?"