ಕೋಟು ಹೋಗಿ ಬೋಗಾಣಿ ಬಂತು

ಶಾಲೆ ಮುಗಿಸಿ ಬಂದಾಗ ನಮ್ಮ ಅಡುಗೆಮನೆಯಲ್ಲಿ ಗುರುತುಪರಿಚಯವಿಲ್ಲದ ಸ್ಟೀಲಿನ ಬೋಗಾಣಿಯೊಂದು ಹೊಳೆಯುತ್ತ ಕುಳಿತಿತ್ತು. ಶಹಾಪುರದ ಮಕ್ಕಳಿಗೆ ಇತಿಹಾಸ ಹೇಳುವ ನಾನು ಅಂದು ಬೆಳಿಗ್ಗೆಯಷ್ಟೇ ಹಣದ ಹುಟ್ಟಿನ ಪಾಠ ಮುಗಿಸಿದ್ದೆ. ಮೊದಲು ದವಸ, ದನ, ಉಪ್ಪು, ಆಮೇಲೆ ಕವಡೆ, ಬಹುಕಾಲ ಕಳೆದ ಮೇಲೆ ಮುದ್ರೆಯೊತ್ತಿದ ನಾಣ್ಯ. ಅರ್ಥ ಹುಟ್ಟುವ ಮುಂಚೆ ಲೋಕವೆಲ್ಲ ಬರೀ ಪದಾರ್ಥವಾಗಿತ್ತು ಎಂಬ ನನ್ನ ವಾರ್ಷಿಕ ಚಮತ್ಕಾರಕ್ಕೆ ಎಂದಿನಂತೆ ಯಾರೂ ನಗಲಿಲ್ಲ. ವಸ್ತುವಿಗೆ ವಸ್ತು ಕೊಡುವ ಪದ್ಧತಿ ಎಂದೋ ಅಳಿದುಹೋಯಿತೆಂದು ಬರೆಸಿ, ಕೆಳಗೆ ಗೆರೆಯನ್ನೂ ಎಳೆಸಿದ್ದೆ.

"ಹಳೇ ಅರಿವಿ ಕೊಟ್ಟು ತಗೊಂಡೀನ್ರಿ," ಎಂದಳು ಹೆಂಡತಿ ಶಾಂತಾ. ಆ ಹಳೆಯ ಬಟ್ಟೆಗಳಲ್ಲಿ ನನ್ನ ಮದುವೆಯ ನೀಲಿ ಕೋಟೂ ಇತ್ತು.

"ಅದು ಲಗ್ನದ್ದು!"

"ನೀವು ಲಗ್ನ ಆಗಿದ್ದು ಕೋಟಿನ ಜೋಡಿನೋ, ನನ್ನ ಜೋಡಿನೋ?"

ನೀವೇ ಹೇಳಿ, ಇಂಥ ಪ್ರಶ್ನೆಗೆ ಉತ್ತರ ಹುಡುಕುವುದಕ್ಕಿಂತ ಕೋಟು ಹುಡುಕುವುದು ಸುಲಭವಲ್ಲವೆ? ರವಿವಾರ ಸುರಪುರದ ಬಸ್ಸು ಹತ್ತಿದೆ. ಹಳೆ ಬಟ್ಟೆಗೆ ಪಾತ್ರೆ ಕೊಡುತ್ತ ಊರೂರು ತಿರುಗುವ, ನಮಗೆ ಬೋಗಾಣಿ ಕೊಟ್ಟಿದ್ದ ಹುಸೇನಬಿ ಅಲ್ಲಿ ತನ್ನ ಮನೆಯ ಮುಂದೆ ಕುಳಿತು ಬಟ್ಟೆ ವಿಂಗಡಿಸುತ್ತಿದ್ದಳು. ಕೋಟು ವಾಪಸು ಕೇಳಿ ನಾನು ನೋಟು ತೆಗೆದೆ.

"ರೊಕ್ಕ ಒಳಗಿಡ್ರಿ ಸರ. ಆ ಕೋಟು ರಂಗಂಪೇಟಿ ಬ್ಯಾಂಡಿನ ಖಾಸೀಮಗ ಕೊಟ್ಟೀನಿ. ಬದಲಿಗೆ ಎರಡು ಸೀರಿ ಕೊಟ್ಟಾನ."

ಚಲಾವಣೆಯಲ್ಲಿರುವ ನೋಟನ್ನು ಜೇಬಿನಲ್ಲಿಟ್ಟುಕೊಂಡು, ಸ್ವತಃ ಚಲಾವಣೆ ಕಳೆದುಕೊಂಡವನಂತೆ ರಂಗಂಪೇಟೆಗೆ ನಡೆದೆ. ಬ್ಯಾಂಡಿನವರು ಯಾವುದೋ ಮದುವೆಗೆ ಹೊರಟು ನಿಂತಿದ್ದರು. ಉಳಿದವರೆಲ್ಲ ಕೆಂಪಂಗಿ, ಕ್ಲಾರಿನೆಟ್ ಹಿಡಿದ ಖಾಸೀಮ ಮಾತ್ರ ನನ್ನ ಕೋಟಿನಲ್ಲಿದ್ದ, ಅದೂ ಎಲ್ಲ ಗುಂಡಿ ಹಾಕಿಕೊಂಡು. ಆ ಸೌಭಾಗ್ಯ ನನಗೆ ಮದುವೆಯ ದಿನವೂ ಒದಗಿರಲಿಲ್ಲ.

ವಿಷಯ ಹೇಳಿದೆ. "ನಿಮ್ಮ ಲಗ್ನದ್ದೇನ್ರಿ!" ಎಂದವನೇ ಗುಂಡಿ ಬಿಚ್ಚತೊಡಗಿದ. ಒಳಗೆ ತೂತುಬಿದ್ದ ಬನಿಯನ್ ಕಂಡಿತು. ನಾನು ಅವನ ಕೈ ಹಿಡಿದೆ.

"ಇರಲಿ ಬಿಡಪ್ಪ. ನಿನಗ ಬರೋಬ್ಬರಿ ಕುಂತದ."

"ಹಂಗ ಫುಕಟ್ ಹ್ಯಾಂಗ ಇಟ್ಕೊಳ್ಳಲ್ರಿ? ಸೀರಿ ಕೊಟ್ಟಿದ್ದು ಆಕಿಗೆ. ನಿಮಗೇನು ಕೊಟ್ಟೀನಿ? ನಿಮ್ಮ ಮನ್ಯಾಗ ಲಗ್ನ ಇದ್ರ ಹೇಳ್ರಿ, ಬಂದು ಬಾರಿಸ್ತೀವಿ."

ನಮ್ಮಲ್ಲಿ ಮದುವೆಯಾಗುವವರು ಯಾರೂ ಉಳಿದಿಲ್ಲವೆಂದೆ. ಖಾಸೀಮ ಯೋಚಿಸಿದ.

"ಬಸ್‌ಸ್ಟ್ಯಾಂಡಿಗೇನ್ರಿ? ನಡೀರಿ, ನಾವೂ ಅದ ಹಾದಿಲೇ ಹೊಂಟೀವಿ, ಬಾರಿಸ್ಕೋತ ಕಳಿಸ್ತೀವಿ."

ಡೋಲು ಗುಡುಗಿತು. ಕೂಡಿಡಲು ಬಾರದ, ಕಳ್ಳರಿಗೆ ದಕ್ಕದ, ಚಿಲ್ಲರೆ ಕೇಳಲಾಗದ ಈ ನಾಣ್ಯ ನನ್ನ ಯಾವ ಪಾಠದಲ್ಲೂ ಇರಲಿಲ್ಲ. ಆಟೋಗಳು ದಾರಿ ಬಿಟ್ಟವು. ಕಟ್ಟೆಯ ಮೇಲಿದ್ದ ಮುದುಕಿಯೊಬ್ಬಳು ನನ್ನನ್ನು ಆಪಾದಮಸ್ತಕ ನೋಡಿ, "ಈ ವಯಸ್ಸಿನ್ಯಾಗ?" ಎಂದಳು. ನಾನು ಗಂಭೀರವಾಗಿ ಕೈಮುಗಿದೆ.

ಅಷ್ಟರಲ್ಲಿ ಶಾಂತಾ ಫೋನು ಮಾಡಿದಳು.

"ಏನ್ ಗದ್ಲರೀ ಅದು?"

"ಮೆರವಣಿಗಿ."

"ಯಾರದು?"

"ನಂದು."

"ಕೋಟು ಸಿಕ್ತೇನ್ರಿ?"

"ಸಿಕ್ತು. ನನ್ನ ಮುಂದ ನಡದದ."